ಕೂಲಿಯವರ ದಶಮಾಂಶ ಬಡ್ಡಿಗೆ ದುಡಿಯಬೇಕೇ?

ಆಂಧ್ರಪ್ರದೇಶದಲ್ಲಿ 2024–25ರಲ್ಲಿ ಉದ್ಯೋಗ ಖಾತ್ರಿ ಯೋಜನೆಯ ದಿನಗೂಲಿ 300 ರೂಪಾಯಿ ಇತ್ತು. ರೊದ್ದಂ ಸುತ್ತಿನ ಹಳ್ಳಿಯೊಂದರಲ್ಲಿ ಹೂಳೆತ್ತಿ ಈ ಕೂಲಿ ಪಡೆದ ಹೆಣ್ಣುಮಗಳು ಅದರಲ್ಲಿ ದಶಮಾಂಶವೆಂದು 30 ರೂಪಾಯಿ ತೆಗೆದಿಟ್ಟು ಭಾನುವಾರ ಕಾಣಿಕೆ ಚೀಲಕ್ಕೆ ಹಾಕುತ್ತಾಳೆ ಎಂದುಕೊಳ್ಳಿ. ನೂರು ದಿನದ ಕೆಲಸ ಪೂರ್ತಿ ಸಿಕ್ಕರೆ ಆ ಮನೆಯಿಂದ ವರ್ಷಕ್ಕೆ 3,000 ರೂಪಾಯಿ. ಅಂಥ ನಲವತ್ತು ಮನೆಗಳಿರುವ ಕ್ರೈಸ್ತ ಸಭೆಗೆ ವರ್ಷಕ್ಕೆ 1,20,000, ತಿಂಗಳಿಗೆ 10,000. ಪಾಸ್ಟರ್ ಮನೆಯ ಅಕ್ಕಿ ಬೇಳೆ, ಪ್ರಾರ್ಥನಾ ಮಂದಿರದ ಕರೆಂಟ್ ಬಿಲ್ಲು, ಹಾಸಿಗೆ ಹಿಡಿದವರ ಔಷಧಿ, ಸತ್ತವರ ಮಣ್ಣಿನ ಖರ್ಚು, ಎಲ್ಲವೂ ಇದರಲ್ಲೇ ಆಗಬೇಕು.

ಇಷ್ಟು ಸಣ್ಣ ಮೊತ್ತಕ್ಕೂ ದೊಡ್ಡ ಪ್ರಶ್ನೆಯೊಂದು ಅಂಟಿಕೊಂಡಿದೆ. ಇದರಲ್ಲಿ ಒಂದು ಪಾಲನ್ನು ಡಿಪಾಸಿಟ್ಟಿನಲ್ಲೋ, ಸೈಟಿನಲ್ಲೋ, ಮ್ಯೂಚುವಲ್ ಫಂಡಿನಲ್ಲೋ ತೊಡಗಿಸಿದರೆ ಸಭೆಗೆ ನಾಳೆ ಯಾರ ಹಂಗೂ ಇರುವುದಿಲ್ಲ ಎನ್ನುವವರಿದ್ದಾರೆ. ದೇವರಿಗೆಂದು ಕೊಟ್ಟದ್ದು ಆಯಾ ವರ್ಷವೇ ಸೇವೆಗೆ ಹೋಗಬೇಕು, ಕೂಡಿಡುವುದು ಅಪನಂಬಿಕೆ ಎನ್ನುವವರೂ ಇದ್ದಾರೆ. ಎರಡೂ ಕಡೆಯವರು ಬೈಬಲನ್ನೇ ತೆರೆದು ತೋರಿಸುತ್ತಾರೆ. ಒಬ್ಬರು ತಲಾಂತುಗಳ ಸಾಮ್ಯ ಹೇಳುತ್ತಾರೆ: ಯಜಮಾನ ಕೊಟ್ಟ ಹಣವನ್ನು ಮಣ್ಣಿನಲ್ಲಿ ಹೂತಿಟ್ಟ ಆಳು ಬೈಸಿಕೊಂಡ, ದುಡಿಸಿ ಇಮ್ಮಡಿ ಮಾಡಿದವನು ಹೊಗಳಿಸಿಕೊಂಡ. ಇನ್ನೊಬ್ಬರು ಕಣಜ ಕಿತ್ತು ದೊಡ್ಡದು ಕಟ್ಟಲು ಹೊರಟು ಆ ರಾತ್ರಿಯೇ ಸತ್ತ ಐಶ್ವರ್ಯವಂತನನ್ನು ನೆನಪಿಸುತ್ತಾರೆ.

ರೊದ್ದಂ, ಪೆನುಕೊಂಡ, ಹಿಂದೂಪುರ, ಮಡಕಶಿರಾ, ಕಲ್ಯಾಣದುರ್ಗ ಈ ಭಾಗವೆಲ್ಲ ಕನ್ನಡಕ್ಕೂ ತೆಲುಗಿಗೂ ನಡುವಿನ ಸೀಮೆ. 1882ರಲ್ಲಿ ಬಳ್ಳಾರಿ ಜಿಲ್ಲೆಯನ್ನು ಒಡೆದು ಅನಂತಪುರ ಜಿಲ್ಲೆ ಮಾಡಿದರು. 2022ರ ಏಪ್ರಿಲ್‌ನಲ್ಲಿ ಅದನ್ನೂ ಒಡೆದಾಗ ರೊದ್ದಂ, ಹಿಂದೂಪುರ, ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದವು, ಕಲ್ಯಾಣದುರ್ಗ ಅನಂತಪುರದಲ್ಲೇ ಉಳಿಯಿತು. ಇಲ್ಲಿನ ಕ್ರೈಸ್ತರ ಚರಿತ್ರೆಯ ಒಂದು ಬೇರು ಬಳ್ಳಾರಿಯಲ್ಲಿದೆ. ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಕನ್ನಡ ಬೈಬಲ್ ಅನುವಾದದಲ್ಲಿ ತೊಡಗಿದರು. ಕ್ಯಾಥೊಲಿಕರಿಗಂತೂ 1967ರಲ್ಲಿ ಕರ್ನೂಲು ಧರ್ಮಪ್ರಾಂತ ಆಗುವವರೆಗೂ ಬಳ್ಳಾರಿಯ ಬಿಷಪ್ಪರೇ ಬಿಷಪ್ಪರು. ಪ್ರಾಟೆಸ್ಟಂಟ್ ಸಭೆಗಳಲ್ಲಿ ಒಂದು ದೊಡ್ಡ ಪಾಲು ಈಗ ಕಡಪ ಕೇಂದ್ರವಾಗಿರುವ ದಕ್ಷಿಣ ಭಾರತ ಸಭೆಯ ರಾಯಲಸೀಮೆ ಡಯಾಸಿಸ್‌ಗೆ ಸೇರಿದೆ. ಇವುಗಳ ಜೊತೆಗೆ ಯಾವ ಡಯಾಸಿಸ್ಸಿಗೂ ಸೇರದ ಸ್ವತಂತ್ರ ಸಭೆಗಳೂ ಹಳ್ಳಿಹಳ್ಳಿಗಳಲ್ಲಿವೆ.

ಹಣದ ವಿಷಯದಲ್ಲಿ ಈ ಎರಡು ಬಗೆಯ ಸಭೆಗಳ ಕಷ್ಟ ಬೇರೆ ಬೇರೆ. ಡಯಾಸಿಸ್‌ನ ಸಭೆಯಲ್ಲಿ ಕಮಿಟಿಯಿದೆ, ಖಜಾಂಚಿಯಿದ್ದಾರೆ, ಪಾದ್ರಿಯ ಸಂಬಳ ಮೇಲಿನಿಂದ ಬರುತ್ತದೆ. ಆಸ್ತಿಯ ಪತ್ರ ಮಾತ್ರ ದೂರದ ಕಚೇರಿಯಲ್ಲಿರುತ್ತದೆ. ಸ್ವತಂತ್ರ ಸಭೆಯಲ್ಲಿ ಎಷ್ಟೋ ಸಲ ಪಾಸ್ಟರೇ ಸ್ಥಾಪಕ, ಪಾಸ್ಟರೇ ಖಜಾಂಚಿ. ಭಾನುವಾರದ ಕಾಣಿಕೆಯೇ ಅವರ ಸಂಬಳ. ಅಲ್ಲಿ ‘ಹೂಡಿಕೆ’ ಎಂದರೆ ಹೆಚ್ಚಾಗಿ ಪಾಸ್ಟರ್ ಹೆಸರಿನಲ್ಲಿ ಕೊಂಡ ಒಂದು ಸೈಟು.

ಕೂಡಿಡಬೇಕೆನ್ನುವವರ ವಾದಕ್ಕೆ ಈ ನೆಲದಲ್ಲಿ ಬಲವಿದೆ. ಹಳೆಯ ಅನಂತಪುರ ಜಿಲ್ಲೆ ದೇಶದಲ್ಲೇ ಅತಿ ಕಡಿಮೆ ಮಳೆ ಬೀಳುವ ಜಿಲ್ಲೆಗಳಲ್ಲಿ ಒಂದು. ವರ್ಷದ ಸರಾಸರಿ ಸುಮಾರು 550 ಮಿಲಿಮೀಟರ್, ಅದೂ ಬಂದರೆ ಬಂತು. ಕಡಲೇಕಾಯಿ ನಂಬಿದವರು ಮಳೆ ತಪ್ಪಿದಾಗ ಬಿತ್ತಿದ ಬೀಜವನ್ನೂ ಕಳೆದುಕೊಳ್ಳುತ್ತಾರೆ. ಹಿಪ್ಪುನೇರಳೆ ಹಾಕಿ ರೇಷ್ಮೆ ಹುಳು ಸಾಕುವವರ ವರಮಾನ ಹಿಂದೂಪುರದ ಗೂಡಿನ ಮಾರುಕಟ್ಟೆಯಲ್ಲಿ ವಾರದಿಂದ ವಾರಕ್ಕೆ ಏರಿಳಿಯುತ್ತದೆ. ಬರ ಬಂದ ವರ್ಷ ಅರ್ಧ ಊರು ಬೆಂಗಳೂರಿಗೆ ಗುಳೆ ಹೋದರೆ ದಶಮಾಂಶವೂ ಅವರ ಜೊತೆ ಬಸ್ಸು ಹತ್ತುತ್ತದೆ. ಊರಲ್ಲಿ ಉಳಿಯುವವರು ಮುದುಕರು, ಮಕ್ಕಳು. ಸಭೆಯ ನೆರವು ಹೆಚ್ಚು ಬೇಕಾಗುವ ಹೊತ್ತಿಗೇ ಕಾಣಿಕೆ ಚೀಲ ಬರಿದಾಗಿರುತ್ತದೆ.

2020ರ ಮಾರ್ಚ್ 25ರಂದು ದೇಶ ಬಾಗಿಲು ಹಾಕಿಕೊಂಡಾಗ ಇದು ಎಲ್ಲರಿಗೂ ಗೊತ್ತಾಯಿತು. ಆರಾಧನೆ ನಿಂತಿತು, ಕಾಣಿಕೆಯೂ ನಿಂತಿತು. ದೊಡ್ಡ ಊರಿನ ಸಭೆಗಳು ಫೋನ್ ಮೂಲಕ ಹಣ ಪಡೆದವು. ಕೂಲಿಯವರ ಸಭೆಗೆ ಆ ದಾರಿಯೂ ಇರಲಿಲ್ಲ, ಏಕೆಂದರೆ ಕೂಲಿಯೇ ಇರಲಿಲ್ಲ. ಆಂಧ್ರ ಸರ್ಕಾರ ಅರ್ಚಕರು, ಇಮಾಮರು, ಪಾಸ್ಟರ್‌ಗಳಿಗೆ ಒಂದು ಸಲಕ್ಕೆಂದು 5,000 ರೂಪಾಯಿ ಕೊಟ್ಟಿತು. ಆರು ತಿಂಗಳ ಖರ್ಚಿನಷ್ಟು ಹಣ ಬ್ಯಾಂಕಿನಲ್ಲಿದ್ದ ಸಭೆ ತನ್ನ ಪಾಸ್ಟರನ್ನೂ ಹತ್ತಾರು ಮನೆಗಳನ್ನೂ ತಾನೇ ನೋಡಿಕೊಳ್ಳಬಹುದಿತ್ತು. ಐಗುಪ್ತದಲ್ಲಿ ಯೋಸೇಫ ಸುಭಿಕ್ಷದ ಏಳು ವರ್ಷ ಧಾನ್ಯ ಕೂಡಿಸಿಟ್ಟದ್ದು ಕ್ಷಾಮದ ಏಳು ವರ್ಷದಲ್ಲಿ ಕಣಜ ತೆರೆಯಲೆಂದೇ. ಮಳೆಯನ್ನು ನಂಬುವಂತಿಲ್ಲದ ಸೀಮೆಯಲ್ಲಿ ಬರಕ್ಕೆಂದು ಎತ್ತಿಡುವುದೂ ಸೇವೆಯ ಭಾಗವೇ.

ಆದರೆ ಬರಕ್ಕೆ ಎತ್ತಿಡುವುದು ಬೇರೆ, ಬೆಳೆಯಲೆಂದು ತೊಡಗಿಸುವುದು ಬೇರೆ. ಮೊದಲನೆಯದಕ್ಕೆ ಇಷ್ಟೇ ಎಂಬ ಮಿತಿಯಿದೆ, ತೆರೆಯುವ ದಿನವಿದೆ. ಎರಡನೆಯದಕ್ಕೆ ಎರಡೂ ಇಲ್ಲ. ಬೆಳೆದಷ್ಟೂ ಇನ್ನಷ್ಟು ಬೆಳೆಯಲಿ ಎನಿಸುತ್ತದೆ. ನಮ್ಮ ಸಭೆಗಳ ಚರ್ಚೆಯಲ್ಲಿ ಇವೆರಡೂ ಸದಾ ಕಲಸಿಹೋಗುತ್ತವೆ.

ಲೆಕ್ಕ ಹಾಕಿ ನೋಡಿದರೆ ಸಣ್ಣ ಸಭೆಗೆ ಹೂಡಿಕೆಯ ಆಸೆ ಎಷ್ಟು ಪೊಳ್ಳೆಂದು ಗೊತ್ತಾಗುತ್ತದೆ. ಹೊಟ್ಟೆ ಬಟ್ಟೆ ಕಟ್ಟಿ ಒಂದು ಲಕ್ಷ ಕೂಡಿಸಿ ಶೇಕಡಾ ಆರೂವರೆ ಬಡ್ಡಿಗೆ ಇಟ್ಟರೆ ವರ್ಷಕ್ಕೆ ಬರುವುದು 6,500 ರೂಪಾಯಿ. ತಿಂಗಳಿಗೆ 550ಕ್ಕಿಂತ ಕಡಿಮೆ. ಬೆಲೆಯೇರಿಕೆ ಅದರಲ್ಲಿ ಬಹುಪಾಲನ್ನು ತಿನ್ನುತ್ತದೆ. ಆ ಒಂದು ಲಕ್ಷ ಒಟ್ಟಾಗಲು ಎಷ್ಟು ವಿಧವೆಯರ ಮನೆಗೆ ಅಕ್ಕಿ ಹೋಗಲಿಲ್ಲ, ಎಷ್ಟು ಮಕ್ಕಳ ಹಾಸ್ಟೆಲ್ ಫೀಸು ನಿಂತಿತು ಎಂಬುದನ್ನು ಯಾವ ಪಾಸ್‌ಬುಕ್ಕೂ ಬರೆಯುವುದಿಲ್ಲ. ಧರ್ಮೋಪದೇಶಕಾಂಡದ 14ನೇ ಅಧ್ಯಾಯ ಪ್ರತಿ ಮೂರನೇ ವರ್ಷದ ದಶಮಭಾಗ ಯಾರಿಗೆಂದು ಹೆಸರು ಹಿಡಿದು ಹೇಳುತ್ತದೆ: ಲೇವಿಯರು, ಪರದೇಶಿಗಳು, ತಾಯಿತಂದೆ ಇಲ್ಲದ ಮಕ್ಕಳು, ವಿಧವೆಯರು. ಅವರು ಉಂಡು ತೃಪ್ತರಾಗಬೇಕು ಎಂಬುದು ಅಲ್ಲಿನ ಉದ್ದೇಶ. ದಶಮಾಂಶದ ಬಗ್ಗೆ ಪ್ರಸಂಗ ಮಾಡುವವರೆಲ್ಲ ಮಲಾಕಿಯನ 3ನೇ ಅಧ್ಯಾಯ ಓದುತ್ತಾರೆ. ಅಲ್ಲಿಯೂ ಭಂಡಾರಕ್ಕೆ ತರುವುದು ದೇವರ ಮನೆಯಲ್ಲಿ ಆಹಾರ ಇರಲೆಂದು.

ದೇಶದ ಕಾನೂನು ಕೂಡ ಹೆಚ್ಚುಕಡಿಮೆ ಇದೇ ಕಡೆ ನಿಂತಿದೆ ಎಂಬುದು ಬಹಳ ಸಭೆಗಳಿಗೆ ತಿಳಿದಿಲ್ಲ. ತೆರಿಗೆ ವಿನಾಯಿತಿ ಪಡೆಯುವ ಧಾರ್ಮಿಕ ಟ್ರಸ್ಟು ವರ್ಷದ ಆದಾಯದಲ್ಲಿ ಶೇಕಡಾ 85ರಷ್ಟನ್ನು ತನ್ನ ಉದ್ದೇಶಕ್ಕೇ ಖರ್ಚು ಮಾಡಬೇಕು; ಶೇಕಡಾ 15ರಷ್ಟನ್ನು ಉಳಿಸಿಕೊಳ್ಳಬಹುದು. ಅದಕ್ಕಿಂತ ಹೆಚ್ಚು ಎತ್ತಿಡಬೇಕಾದರೆ ಯಾವ ಕೆಲಸಕ್ಕೆಂದು ಮೊದಲೇ ಬರೆದುಕೊಟ್ಟು ಐದು ವರ್ಷದೊಳಗೆ ಬಳಸಬೇಕು. 1961ರ ಆದಾಯ ತೆರಿಗೆ ಕಾಯ್ದೆಯ 11ನೇ ಸೆಕ್ಷನ್ನಿನ ಈ ಮೂಲ ನಿಯಮವನ್ನು 2025ರ ಹೊಸ ಕಾಯ್ದೆಯೂ ಉಳಿಸಿಕೊಂಡಿದೆ. ಉಳಿಸಿದ ಹಣವನ್ನು ಎಲ್ಲಿಡಬಹುದು ಎಂಬುದಕ್ಕೂ ಪಟ್ಟಿಯಿದೆ: ಅಂಚೆ ಕಚೇರಿ, ಸರ್ಕಾರಿ ಸಾಲಪತ್ರ, ಶೆಡ್ಯೂಲ್ಡ್ ಬ್ಯಾಂಕಿನ ಠೇವಣಿ, ಸ್ಥಿರಾಸ್ತಿ ಮುಂತಾದವು. ಖಾಸಗಿ ಕಂಪನಿಯ ಷೇರು ಆ ಪಟ್ಟಿಯಲ್ಲಿಲ್ಲ. ವಿದೇಶಿ ದೇಣಿಗೆಗೆ ಇನ್ನೂ ಬಿಗಿ. ಆ ಹಣವನ್ನು ಷೇರಿಗೂ ಮಾರುಕಟ್ಟೆಗೆ ಕಟ್ಟುಬಿದ್ದ ಮ್ಯೂಚುವಲ್ ಫಂಡಿಗೂ ಹಾಕುವುದನ್ನು ನಿಯಮವೇ ಜೂಜಿನ ಹೂಡಿಕೆಯ ಸಾಲಿಗೆ ಸೇರಿಸಿದೆ.

ಹೂಡಿಕೆಯ ಪರ ಮಾತನಾಡುವ ಕನ್ನಡಿಗರು ಕೊಡಬಹುದಾದ ಅತಿ ದೊಡ್ಡ ಉದಾಹರಣೆ ಮಂಗಳೂರಿನದು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಕೆಲವೇ ವರ್ಷಗಳಲ್ಲಿ ಒಂದು ಬಿಕ್ಕಟ್ಟು ಎದುರಿಸಿತು. ಕ್ರೈಸ್ತರಾದವರು ಜಾತಿಯಿಂದ ಹೊರಬಿದ್ದರು, ಮನೆ ಹೋಯಿತು, ಕಸುಬು ಹೋಯಿತು. ಅವರಿಗೆ ಕೆಲಸ ಕೊಡಲು ಮಿಷನ್ ಕಾರ್ಖಾನೆ ಕಟ್ಟಿತು. 1841ರಲ್ಲಿ ಮುದ್ರಣಾಲಯ, 1851ರಲ್ಲಿ ಜಾನ್ ಹಾಲರ್ ಬಂದ ಮೇಲೆ ಬಲ್ಮಠದಲ್ಲಿ ನೇಯ್ಗೆ. ಖಾಕಿ ಬಟ್ಟೆಯ ಬಣ್ಣ ಅಲ್ಲೇ ಹುಟ್ಟಿತು ಎನ್ನುವವರಿದ್ದಾರೆ. 1865ರಲ್ಲಿ ಜಾರ್ಜ್ ಪ್ಲೆಬ್ಸ್ಟ್ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿದರು. ‘ಮಂಗಳೂರು ಹೆಂಚು’ ಸಮುದ್ರ ದಾಟಿ ಹೋಯಿತು. ಸಾವಿರಾರು ಮನೆಗಳು ಆ ಕಾರ್ಖಾನೆಗಳಿಂದ ಉಂಡವು.

ಆದರೆ ಈ ಉದಾಹರಣೆ ಹೇಳುವವರು ಅದರ ಒಳಗಿನ ವ್ಯವಸ್ಥೆಯನ್ನು ಬಿಟ್ಟುಬಿಡುತ್ತಾರೆ. ಮಿಷನ್ನಿಗೆ ಯುರೋಪಿನಲ್ಲಿ ಹಣ ಬರುತ್ತಿದ್ದುದು ಸ್ವಿಟ್ಜರ್ಲೆಂಡ್ ಮತ್ತು ದಕ್ಷಿಣ ಜರ್ಮನಿಯ ಸಾಮಾನ್ಯರಿಂದ; 1850ರ ದಶಕದಿಂದ ವಾರಕ್ಕೊಂದು ಸಣ್ಣ ನಾಣ್ಯ ಎತ್ತುವ ಪದ್ಧತಿ ನಡೆದುಬಂದಿತ್ತು. ವ್ಯಾಪಾರ ಬೆಳೆದಾಗ ಬಾಸೆಲ್ ನಗರದ ಹಿರಿಯರಿಗೇ ಅಳುಕು ಬಂತು: ಸುವಾರ್ತೆಗೆಂದು ಕೊಟ್ಟದ್ದು ಅಂಗಡಿಗೆ ಹೋಗಬಾರದು. 1859ರಲ್ಲಿ ಮಿಷನ್ ಟ್ರೇಡಿಂಗ್ ಕಂಪನಿಯನ್ನು ಬೇರೆಯಾಗಿ ಕಟ್ಟಿದರು. ಅದಕ್ಕೆ ಬಂಡವಾಳ ಹಾಕಿದವರು ಷೇರು ಕೊಂಡ ಉಳ್ಳವರು. ಅವರಿಗೆ ಸಿಗುವ ಲಾಭಾಂಶಕ್ಕೆ ಮಿತಿಯಿತ್ತು, ಮೇಲಿನದು ಮಿಷನ್ನಿನ ಕೆಲಸಕ್ಕೆ. ನಷ್ಟ ತಡೆದುಕೊಳ್ಳಬಲ್ಲವರ ಹಣ ನಷ್ಟದ ಅಪಾಯಕ್ಕೆ ಹೋಯಿತು, ಬಡವರ ನಾಣ್ಯ ಸೇವೆಗೆ ಹೋಯಿತು. ರೊದ್ದಂನ ಸಭೆ ಬಾಸೆಲ್‌ನಿಂದ ಕಲಿಯಬೇಕಾದದ್ದು ಈ ಗೆರೆ.

ಅಷ್ಟು ಜೋಪಾನದ ಕಟ್ಟಡವೂ ಉಳಿಯಲಿಲ್ಲ. ಒಂದನೇ ಮಹಾಯುದ್ಧದಲ್ಲಿ ಬ್ರಿಟಿಷ್ ಸರ್ಕಾರ ಕಾರ್ಖಾನೆಗಳನ್ನು ವಶಪಡಿಸಿಕೊಂಡಿತು, ಯುದ್ಧದ ನಂತರ ಅವು ಕಾಮನ್‌ವೆಲ್ತ್ ಟ್ರಸ್ಟಿನ ಪಾಲಾದವು. ಮಂಗಳೂರಿನಲ್ಲಿ ಇಂದು ಉಳಿದಿರುವುದು ಸಭೆ, ಶಾಲೆಗಳು, ಮಿಷನರಿ ಮೋಗ್ಲಿಂಗ್ 1843ರಲ್ಲಿ ಹೊರಡಿಸಿದ ‘ಮಂಗಳೂರ ಸಮಾಚಾರ’ ಪತ್ರಿಕೆಯ ನೆನಪು, ಕಿಟ್ಟೆಲ್ಲರ 1894ರ ಕನ್ನಡ ನಿಘಂಟು. ಇವೆಲ್ಲ ಖರ್ಚಿನ ಬಾಬ್ತುಗಳು.

ಹಣ ಬೆಳೆಸಲು ಹೊರಟ ಸಭೆಗಳಿಗೆ ಹೊರದೇಶಗಳಲ್ಲಿ ಆದದ್ದನ್ನೂ ನೋಡಬೇಕು. ಇಂಗ್ಲೆಂಡಿನ ಚರ್ಚಿನ ಆಸ್ತಿ ನೋಡಿಕೊಳ್ಳುವ ಚರ್ಚ್ ಕಮಿಷನರುಗಳು 1980ರ ದಶಕದ ಕೊನೆಗೆ ಸಾಲ ಮಾಡಿ ವಾಣಿಜ್ಯ ಕಟ್ಟಡಗಳ ಮೇಲೆ ಹಣ ಸುರಿದರು. 1992ರ ಹೊತ್ತಿಗೆ ಸುಮಾರು 80 ಕೋಟಿ ಪೌಂಡ್ ಮೌಲ್ಯ ಕರಗಿತ್ತು. ಪಾದ್ರಿಗಳ ಪಿಂಚಣಿಯ ಭಾರ ಕ್ರಮೇಣ ಊರಿನ ಪ್ಯಾರಿಷ್‌ಗಳ ಹೆಗಲಿಗೆ ಬಿತ್ತು. ಭಾನುವಾರ ಕಾಣಿಕೆ ಹಾಕುವವರು ಆ ಕಟ್ಟಡಗಳನ್ನು ಕಂಡವರೂ ಅಲ್ಲ. ವ್ಯಾಟಿಕನ್ನಿನ ಸೆಕ್ರೆಟೇರಿಯೆಟ್ ಲಂಡನ್ನಿನ ಸ್ಲೋನ್ ಅವೆನ್ಯೂದಲ್ಲಿ ಕೊಂಡ ಕಟ್ಟಡ ಹತ್ತು ಕೋಟಿ ಯೂರೋಗೂ ಹೆಚ್ಚು ನಷ್ಟ ತಂದಿತು. ಆ ಪ್ರಕರಣದಲ್ಲಿ 2023ರ ಡಿಸೆಂಬರ್‌ನಲ್ಲಿ ವ್ಯಾಟಿಕನ್ ನ್ಯಾಯಾಲಯ ಕಾರ್ಡಿನಲ್ ಒಬ್ಬರಿಗೆ ಐದೂವರೆ ವರ್ಷ ಶಿಕ್ಷೆ ವಿಧಿಸಿತು. ಅವರು ಮೇಲ್ಮನವಿ ಸಲ್ಲಿಸಿದರು.

ಗೆದ್ದವರ ಕಥೆಯೂ ಸಮಾಧಾನ ಕೊಡುವುದಿಲ್ಲ. ಪ್ರತಿ ಸದಸ್ಯರಿಂದ ಹತ್ತನೇ ಒಂದು ಪಾಲನ್ನು ನಿರೀಕ್ಷಿಸುವ ಅಮೆರಿಕದ ಮಾರ್ಮನ್ ಚರ್ಚು ಉಳಿದ ದಶಮಾಂಶವನ್ನು ಎನ್‌ಸೈನ್ ಪೀಕ್ ಎಂಬ ಸಂಸ್ಥೆಯ ಮೂಲಕ ಷೇರಿನಲ್ಲಿ ತೊಡಗಿಸಿತು. ಆ ನಿಧಿ 10,000 ಕೋಟಿ ಡಾಲರಿನಷ್ಟಿದೆ ಎಂದು 2019ರಲ್ಲಿ ಅಲ್ಲಿನ ಒಬ್ಬ ಮಾಜಿ ಉದ್ಯೋಗಿ ಹೊರಗೆಡವಿದರು. ಹೂಡಿಕೆಯ ಗಾತ್ರ ಯಾರಿಗೂ ಕಾಣದಂತೆ ಬೇರೆ ಬೇರೆ ಕಂಪನಿಗಳ ಹೆಸರಿನಲ್ಲಿ ವಿವರ ಸಲ್ಲಿಸಿದ್ದಕ್ಕೆ ಅಮೆರಿಕದ ಷೇರುಪೇಟೆ ನಿಯಂತ್ರಕರು 2023ರ ಫೆಬ್ರುವರಿಯಲ್ಲಿ ಚರ್ಚಿಗೂ ಸಂಸ್ಥೆಗೂ ಒಟ್ಟು 50 ಲಕ್ಷ ಡಾಲರ್ ದಂಡ ಹಾಕಿದರು. ತಾನು ಕೊಟ್ಟದ್ದನ್ನು ಮರಳಿಸಿ ಎಂದು ಒಬ್ಬ ಮಾಜಿ ಸದಸ್ಯ ಹೂಡಿದ ದಾವೆ 2025ರ ಜನವರಿಯಲ್ಲಿ ವಜಾ ಆಯಿತು; ಕೊಟ್ಟವನಿಗೆ ಕಾನೂನಿನಲ್ಲಿ ಗೆಲುವು ಸಿಗಲಿಲ್ಲ. ಹಣ ಇಮ್ಮಡಿಸಿತು ನಿಜ. ಕೊಟ್ಟವರಿಂದ ಅದನ್ನು ಮುಚ್ಚಿಡಬೇಕೆಂದು ಸಭೆಗೆ ಅನಿಸಿದ್ದು ಹಣ ಕಳೆದುಕೊಂಡದ್ದಕ್ಕಿಂತ ದೊಡ್ಡ ನಷ್ಟ.

ಬ್ಯಾಂಕಿನಲ್ಲಿಟ್ಟರೆ ಭಯವಿಲ್ಲ ಎನ್ನುವವರು 2020ರ ಮಾರ್ಚ್ 5ನ್ನು ನೆನಪಿಸಿಕೊಳ್ಳಲಿ. ಅಂದು ಯೆಸ್ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹೇರಿದಾಗ ಪುರಿ ಜಗನ್ನಾಥ ದೇವಸ್ಥಾನದ 545 ಕೋಟಿ ರೂಪಾಯಿ ಅಲ್ಲಿ ಸಿಕ್ಕಿಬಿತ್ತು. ತಿರುಮಲ ತಿರುಪತಿ ದೇವಸ್ಥಾನ ಅಪಾಯದ ವಾಸನೆ ಹಿಡಿದು 1,300 ಕೋಟಿಯನ್ನು ಅದಕ್ಕೆ ಮೊದಲೇ ಹಿಂದೆಗೆದುಕೊಂಡಿತ್ತು. ಅಷ್ಟು ದೊಡ್ಡ ಸಂಸ್ಥೆಗೆ ಎಚ್ಚರಿಸಲು ಅಧಿಕಾರಿಗಳಿದ್ದಾರೆ. ಕೂಲಿಯವರ ಸಭೆಗೆ ಯಾರಿದ್ದಾರೆ? ಹೆಚ್ಚು ಬಡ್ಡಿಯ ಆಸೆ ತೋರಿಸಿದ ಅಗ್ರಿಗೋಲ್ಡ್ ಕಂಪನಿಯಲ್ಲಿ ಸುಮಾರು 32 ಲಕ್ಷ ಜನ ಹಣ ಕಳೆದುಕೊಂಡದ್ದು ಇದೇ ಆಂಧ್ರದಲ್ಲಿ ಶುರುವಾಗಿ ಕರ್ನಾಟಕಕ್ಕೂ ಹಬ್ಬಿದ ಕಥೆ. ಬ್ಯಾಂಕ್ ಮುಳುಗಿದರೆ ವಿಮೆಯಿಂದ ಸಿಗುವುದು ಒಬ್ಬ ಠೇವಣಿದಾರರಿಗೆ ಒಂದು ಬ್ಯಾಂಕಿನಲ್ಲಿ ಹೆಚ್ಚೆಂದರೆ 5 ಲಕ್ಷ ರೂಪಾಯಿ. ಸಭೆಯ ಬರದ ಗಂಟು ಅಷ್ಟರೊಳಗೇ ಇದ್ದರೆ ಒಳ್ಳೆಯದು.

ಜಮೀನಿನ ವಿಚಾರ ಬೇರೆ. ಪೆನುಕೊಂಡದ ಬಳಿ ಎರ್ರಮಂಚಿಯಲ್ಲಿ 2019ರಿಂದ ಕಿಯಾ ಕಾರುಗಳು ತಯಾರಾಗುತ್ತಿವೆ. ಸುತ್ತಲ ನೆಲದ ಬೆಲೆ ಏರಿದ್ದನ್ನು ಇಲ್ಲಿನವರಿಗೆ ಹೇಳಬೇಕಾಗಿಲ್ಲ. ಹಿಂದಿನವರು ಶಾಲೆಗೋ ಸ್ಮಶಾನಕ್ಕೋ ಕೊಟ್ಟ ಜಾಗ ಇರುವ ಸಭೆ ಅದನ್ನು ಮಾರಬಾರದು. ಬಾಡಿಗೆ ಬಂದರೆ ಅದಕ್ಕೆ ಬೇರೆ ಖಾತೆ ಇರಲಿ, ಕಟ್ಟಡದ ದುರಸ್ತಿಗೂ ನಿವೃತ್ತ ಪಾದ್ರಿಗಳಿಗೂ ಹೋಗಲಿ. ದಶಮಾಂಶದಿಂದ ಹೊಸದಾಗಿ ಸೈಟು ಕೊಳ್ಳುವುದು ಮಾತ್ರ ಬೇಡವೇ ಬೇಡ. ಪ್ರಾರ್ಥನೆಗೆ ಜಾಗ ಇಲ್ಲದ ಸಭೆ ಜಾಗ ಕೊಳ್ಳಲಿ, ಸಭೆಯ ಟ್ರಸ್ಟಿನ ಹೆಸರಿನಲ್ಲಿ ರಿಜಿಸ್ಟ್ರಿ ಆಗಲಿ. ಬೆಲೆ ಏರಲೆಂದು ಕೊಳ್ಳುವುದು ರಿಯಲ್ ಎಸ್ಟೇಟ್ ವ್ಯವಹಾರ.

ಖರ್ಚು ಮಾಡುತ್ತ ಹೋದರೆ ದೊಡ್ಡ ಕೆಲಸ ಆಗುವುದಿಲ್ಲ ಎಂಬ ಮಾತಿಗೆ ಮಿಜೋರಾಂ ಉತ್ತರ ಕೊಟ್ಟಿದೆ. ಅಲ್ಲಿನ ಪ್ರೆಸ್ಬಿಟೇರಿಯನ್ ಸಭೆಯ ಹೆಂಗಸರು 1910ರಿಂದ ಪ್ರತಿ ಸಲ ಅಡುಗೆಗೆ ಕೂರುವಾಗ ಒಂದು ಹಿಡಿ ಅಕ್ಕಿ ಎತ್ತಿಡುತ್ತ ಬಂದಿದ್ದಾರೆ. ಆ ಅಕ್ಕಿ ಮಾರಿದ ಹಣದಲ್ಲಿ ಸಭೆ ಬೇರೆ ರಾಜ್ಯಗಳಿಗೂ ಸೇವಕರನ್ನು ಕಳಿಸಿದೆ. ಬಡ್ಡಿಯಿಂದ ಬಂದ ಶಕ್ತಿ ಅದಲ್ಲ. ನೂರು ವರ್ಷ ದಾಟಿಯೂ ನಿಲ್ಲದ ಕೊಡುಗೆಯಿಂದ ಬಂದದ್ದು. ಕೊಟ್ಟದ್ದು ಎಲ್ಲಿ ಹೋಯಿತೆಂದು ಕಾಣುವುದರಿಂದಲೇ ಆ ಮನೆಗಳು ಮತ್ತೆ ಕೊಡುತ್ತವೆ. ಇಂಥ ಕೊಡುಗೆಯ ಬಲ ನಮ್ಮ ಸೀಮೆಯಲ್ಲೂ ಕಾಣುತ್ತದೆ: ಕಲ್ಯಾಣದುರ್ಗದಲ್ಲಿ ವಿಸೆಂಟ್ ಫೆರ್ರರ್ ಅವರ ರೂರಲ್ ಡೆವಲಪ್‌ಮೆಂಟ್ ಟ್ರಸ್ಟಿನ ಆಸ್ಪತ್ರೆಯಿದೆ. ಜೆಸ್ಯುಯಿಟ್ ಸಂಘ ಬಿಟ್ಟ ಆ ಮನುಷ್ಯ 1969ರಲ್ಲಿ ಅನಂತಪುರಕ್ಕೆ ಬಂದು ಕಟ್ಟಿದ ಕೆಲಸಕ್ಕೆ ಮುಖ್ಯ ಆಧಾರ ಸ್ಪೇನಿನ ಸಾಮಾನ್ಯ ಮನೆಗಳು ಕಳಿಸುವ ದೇಣಿಗೆ. ಅಂಥ ಹಣ ಬರಲು ದೆಹಲಿಯ ಅನುಮತಿ ಬೇಕು. ಊರಿನ ದಶಮಾಂಶಕ್ಕೆ ಯಾರ ಅನುಮತಿಯೂ ಬೇಡ, ಅದಕ್ಕೇ ಅದನ್ನು ಮರ್ಯಾದೆಯಿಂದ ನೋಡಿಕೊಳ್ಳಬೇಕು.

ಹಾಗಾಗಿ ಇಲ್ಲಿನ ಸಭೆಗಳಿಗೆ ಹೇಳಬೇಕಾದದ್ದು ಹೀಗೆ: ಆರು ತಿಂಗಳ ಖರ್ಚಿನಷ್ಟು ಹಣವನ್ನು ಬರಕ್ಕೆಂದು ಅಂಚೆ ಕಚೇರಿಯಲ್ಲೋ ಸರ್ಕಾರಿ ಬ್ಯಾಂಕಿನಲ್ಲೋ ಇಡಿ, ಖಾತೆಗೆ ಕನಿಷ್ಠ ಮೂವರ ಸಹಿ ಇರಲಿ, ಒಬ್ಬಳಾದರೂ ಹೆಂಗಸಿರಲಿ. ಬರ ಬಂದ ವರ್ಷ ಅದನ್ನು ತೆರೆಯಲು ಹಿಂಜರಿಯಬೇಡಿ. ಉಳಿದದ್ದೆಲ್ಲ ಆ ವರ್ಷವೇ ಸೇವೆಗೆ ಹೋಗಲಿ. ಮೊದಲ ಪಾಲು ಪಾಸ್ಟರ್ ಮನೆಗೆ. ಆಂಧ್ರ ಸರ್ಕಾರ ಪಾಸ್ಟರ್‌ಗಳಿಗೆ ತಿಂಗಳಿಗೆ 5,000 ರೂಪಾಯಿ ಗೌರವಧನದ ಯೋಜನೆ ತಂದಿದೆ ಎಂದು ಸಭೆ ತನ್ನ ಕೈ ಬಿಗಿ ಹಿಡಿಯಬಾರದು. ಸೇವಕನ ಅನ್ನ ಸರ್ಕಾರದ್ದು, ಸಭೆಯ ಹಣ ಠೇವಣಿಯಲ್ಲಿ ಎಂಬ ಸ್ಥಿತಿ ಯಾವ ಊರಿಗೂ ಬರಬಾರದು. ಎರಡನೇ ಪಾಲು ವಿಧವೆಯರಿಗೆ, ರೋಗಿಗಳಿಗೆ, ಓದುವ ಮಕ್ಕಳಿಗೆ, ಅವರು ಆ ಸಭೆಯವರಾಗಿರಲಿ ಬಿಡಲಿ.

ಯೆರೂಸಲೇಮಿನ ಬಡವರಿಗೆಂದು ಎತ್ತಿದ ಕಾಣಿಕೆಯನ್ನು ಪೌಲ ಒಬ್ಬನೇ ಹೊತ್ತುಕೊಂಡು ಹೋಗಲಿಲ್ಲ. ಸಭೆಗಳೇ ಆರಿಸಿದ ಮನುಷ್ಯರನ್ನು ಜೊತೆಗಿಟ್ಟುಕೊಂಡ, ಆ ದೊಡ್ಡ ಮೊತ್ತದ ವಿಷಯದಲ್ಲಿ ತನ್ನ ಮೇಲೆ ಯಾರೂ ತಪ್ಪು ಹೊರಿಸಬಾರದೆಂದು. ಕೊರಿಂಥದವರಿಗೆ ಬರೆದ ಎರಡನೇ ಪತ್ರದ 8ನೇ ಅಧ್ಯಾಯದಲ್ಲಿ ಇದೆಲ್ಲ ಇದೆ. ದಶಮಾಂಶ ಕೊಡಿ ಎಂದು ಹೇಳುವ ಭಾನುವಾರಗಳಲ್ಲಿ ಒಂದನ್ನಾದರೂ ಈ ಅಧ್ಯಾಯಕ್ಕೆ ಕೊಡಬೇಕು.

ಮಾರ್ಚ್ ಕೊನೆಗೆ ಸಭೆಯ ವರ್ಷದ ಲೆಕ್ಕ ಮುಗಿಯುತ್ತದೆ. ಬಂದದ್ದೆಷ್ಟು, ಹೋದದ್ದೆಲ್ಲಿಗೆ, ಉಳಿದದ್ದು ಯಾವ ಬ್ಯಾಂಕಿನಲ್ಲಿ, ಯಾರ ಹೆಸರಿನಲ್ಲಿ ಎಂಬುದನ್ನು ಒಂದು ಹಾಳೆಯಲ್ಲಿ, ಊರಿನವರು ಓದುವ ಕನ್ನಡದಲ್ಲೋ ತೆಲುಗಿನಲ್ಲೋ ಬರೆದು ಪ್ರಾರ್ಥನಾ ಮಂದಿರದ ಗೋಡೆಗೆ ಅಂಟಿಸಿ. ಓದಲು ಬಾರದವರಿಗೆ ಆರಾಧನೆಯ ನಂತರ ಗಟ್ಟಿಯಾಗಿ ಓದಿ ಹೇಳಿ. ದಿನಕ್ಕೆ 300 ರೂಪಾಯಿ ದುಡಿದು 30 ರೂಪಾಯಿ ಕೊಟ್ಟವರಿಗೆ ಆ ಹಾಳೆಯನ್ನು ಕೇಳುವ ಹಕ್ಕಿದೆ. ಕಮಿಟಿಯವರು ಕೊಡದಿದ್ದರೆ ಈ ಮಾರ್ಚಿನಲ್ಲೇ ಎದ್ದು ನಿಂತು ಕೇಳಿ.